ಮಗನ ಹಳೇ ಸೈಕಲ್ಲು ನನ್ನ ಮೈಗೆ ಹೊಂದಿಕೊಂಡದ್ದು

ಮನೆ ಗೇಟಿನ ಮುಂದೆ ಇಳಿದು ಬೀಗಕ್ಕೆ ಕೀ ಹಾಕಲು ಹೋದರೆ ಬೆರಳು ಮಾತು ಕೇಳಲಿಲ್ಲ. ಬಲಗೈಯ ಕಿರುಬೆರಳು, ಉಂಗುರದ ಬೆರಳು ಎರಡಕ್ಕೂ ಜೋಮು ಹಿಡಿದಿತ್ತು. ಎಡಗೈಯಲ್ಲಿ ಬೀಗ ತೆಗೆದು ಒಳಗೆ ಬಂದೆ. ಕುತ್ತಿಗೆ ಹಿಡಿದುಕೊಂಡಿತ್ತು. ಕೂತ ಜಾಗವಂತೂ ಮಧ್ಯಾಹ್ನದವರೆಗೂ ಮರದ ಕುರ್ಚಿಯನ್ನು ಮುಟ್ಟಿಸಿಕೊಳ್ಳಲಿಲ್ಲ. ಅಷ್ಟಕ್ಕೂ ನಾನು ಹೋಗಿ ಬಂದದ್ದು ಕುವೆಂಪುನಗರದಿಂದ ಕುಕ್ಕರಹಳ್ಳಿ ಕೆರೆಗೆ. ಹೋಗಿ ಬರುವುದು ಸೇರಿ ಆರೇಳು ಕಿಲೋಮೀಟರ್ ಇರಬಹುದು.

ಸೈಕಲ್ ನನ್ನ ಮಗನದು. 2010ರಲ್ಲಿ ಅವನು ಪಿಯುಸಿಗೆ ಸೇರಿದಾಗ ಕೊಡಿಸಿದ್ದು. ಕಪ್ಪು ಬಣ್ಣ, ಮುಂದೆ ಮೂರು ಹಿಂದೆ ಏಳು ಗೇರು, ಕುಲುಕಾಟ ತಡೆಯುವ ಶಾಕ್ ಇರುವ ಫೋರ್ಕು (ಮುಂದಿನ ಚಕ್ರವನ್ನು ಹಿಡಿಯುವ ಕವಲು), ದಪ್ಪ ಹಲ್ಲಿನ ಟೈರು. ಆಗಿನ ಹುಡುಗರಿಗೆ ಎಂಟಿಬಿ (ಮೌಂಟನ್ ಬೈಕ್, ಬೆಟ್ಟದ ದಾರಿಯ ಸೈಕಲ್ಲು) ಅಂದರೆ ಪ್ರಾಣ. ಅವನು ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೆ ಅದು ಮೆಟ್ಟಿಲ ಕೆಳಗೆ ಹಳೇ ಬೆಡ್‌ಶೀಟ್ ಹೊದ್ದುಕೊಂಡು ನಿಂತುಬಿಟ್ಟಿತು. ಹೋದ ವರ್ಷ ನನಗೆ ಐವತ್ತೆರಡು ತುಂಬಿತು. ಸಕ್ಕರೆ ಅಂಚಿಗೆ ಬಂದಿದೆ, ದಿನಾ ಅರ್ಧ ಗಂಟೆ ಮೈ ಆಡಿಸಿ ಅಂದರು ಡಾಕ್ಟರು. ಜೋರಾಗಿ ನಡೆದರೆ ನನಗೆ ಮಂಡಿ ನೋವು. ಹೊಸದೊಂದು ಲೇಡೀಸ್ ಸೈಕಲ್ ತಗೋ ಅಮ್ಮಾ ಅಂದ ಮಗ. ನನಗೆ ಮನಸ್ಸು ಬರಲಿಲ್ಲ. ಅವನು ಐದಾರು ವರ್ಷ ದಿನಾ ತುಳಿದ ಸೈಕಲ್ಲು. ಅದು ಹೊರಗೆ ಹೋಗಬೇಕು, ಓಡಬೇಕು ಅಂತ ನನಗೆ ನಿಜವಾಗಿಯೂ ಆಸೆ ಇತ್ತು.

ಮೊದಲ ದಿನದ ನೋವು ನೋಡಿ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಮೆತ್ತನೆಯ ಜೆಲ್ ಸೀಟ್ ಕವರ್ ತಂದು ಹಾಕಿದೆ. ಎರಡು ದಿನ ಹಾಯಾಗಿತ್ತು. ಮೂರನೇ ದಿನ ಸ್ವಲ್ಪ ದೂರ ಹೋದೆ ನೋಡಿ, ಮೊದಲಿಗಿಂತ ಜಾಸ್ತಿ ನೋವು. ಆಮೇಲೆ ಇನ್ನೂ ಅಗಲದ, ಒಳಗೆ ಸ್ಪ್ರಿಂಗ್ ಇರುವ ಸೀಟನ್ನೇ ತಂದೆ. ತೊಡೆಯ ಒಳಭಾಗ ಉಜ್ಜಿ ಕೆಂಪಾಯಿತು. ಬೆರಳಿನ ಜೋಮು ಅಲ್ಲೇ ಇತ್ತು. ಆಗ ನಿಲ್ಲಿಸಿದೆ. ಸುಮ್ನೆ ಸಾಮಾನು ತಂದು ಹಾಕುವ ಮೊದಲು, ಇದು ಯಾಕೆ ನೋಯುತ್ತೆ ಅಂತ ತಿಳಿದುಕೊಳ್ಳಬೇಕು ಅನ್ನಿಸಿತು.

ಉತ್ತರದ ತುದಿ ಸಿಕ್ಕಿದ್ದು ಟ್ರಿಣ್ ಟ್ರಿಣ್ ಸೈಕಲ್ಲಿನಲ್ಲಿ. ಮೈಸೂರಿನ ಈ ಬಾಡಿಗೆ ಸೈಕಲ್ಲು 2017ರಲ್ಲಿ ಶುರುವಾದಾಗ ಮಗನ ಜೊತೆ ನಾನೂ ಒಂದು ಭಾನುವಾರ ಅರಮನೆ ಸುತ್ತ ತುಳಿದಿದ್ದೆ. ಆ ಸೈಕಲ್ಲಿನ ಸೀಟು ಏನೂ ದೊಡ್ಡ ಮೆತ್ತೆಯಲ್ಲ. ಆದರೂ ಎಲ್ಲೂ ನೋವಾದ ನೆನಪಿಲ್ಲ. ಹಾಗಾದರೆ ವ್ಯತ್ಯಾಸ ಎಲ್ಲಿ? ಬಟ್ಟೆ ಅಳೆಯುವ ಟೇಪು ಬ್ಯಾಗಿಗೆ ಹಾಕಿಕೊಂಡು ಒಂದು ಸ್ಟ್ಯಾಂಡಿಗೆ ಹೋದೆ. ನನಗೆ ಬೇಕಾದಷ್ಟು ಸೀಟು ಇಳಿಸಿ ಅಳೆದೆ. ಹ್ಯಾಂಡಲ್ಲಿನ ಹಿಡಿ ಸೀಟಿಗಿಂತ ಸಾಕಷ್ಟು ಮೇಲಿತ್ತು, ಮೈಯ ಕಡೆಗೆ ಬಾಗಿಕೊಂಡೂ ಇತ್ತು. ಮನೆಗೆ ಬಂದು ಮಗನ ಸೈಕಲ್ ಅಳೆದೆ. ಅವನು ಇಟ್ಟುಕೊಂಡಿದ್ದ ಎತ್ತರದಲ್ಲಿ ಹ್ಯಾಂಡಲ್ಲು ಸೀಟಿಗಿಂತ ಏಳು ಸೆಂಟಿಮೀಟರ್ ಕೆಳಗೆ. ಅದರ ಮೇಲೆ ಅದು ದೂರ ಬೇರೆ. ನಾನು ಸೈಕಲ್ ಮೇಲೆ ಕೂತಿರಲಿಲ್ಲ, ಅರ್ಧ ಮೈಯನ್ನು ಅಂಗೈ ಮೇಲೆ ಹೊತ್ತುಕೊಂಡಿದ್ದೆ. ಅಂಗೈಯ ಬುಡದಲ್ಲಿ, ಕಿರುಬೆರಳಿನ ಕಡೆಗೆ, ಒಂದು ನರ ಹಾದುಹೋಗುತ್ತೆ. ಅಲ್ನರ್ ನರ ಅಂತ ಹೆಸರು. ಭಾರ ಅದರ ಮೇಲೆ ಬಿದ್ದರೆ ಜೋಮು ಬರುವುದು ಅದೇ ಎರಡು ಬೆರಳಿಗೆ.

ಎಂಟಿಬಿ ಹೀಗೆ ಬಗ್ಗಿಸಿ ಕೂರಿಸುವುದಕ್ಕೆ ಕಾರಣವೂ ಇದೆ. ಇದು ಹುಟ್ಟಿದ್ದು 1970ರ ದಶಕದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಅನ್ನುವ ಕಡೆ. ಅಲ್ಲಿನ ಟ್ಯಾಮಲ್ಪೈಸ್ ಬೆಟ್ಟದ ಮಣ್ಣುದಾರಿಯಲ್ಲಿ ದಪ್ಪ ಟೈರಿನ ಹಳೇ ಸೈಕಲ್ಲುಗಳನ್ನು ಜೋರಾಗಿ ಇಳಿಸಿಕೊಂಡು ಬರುತ್ತಿದ್ದ ಹುಡುಗರಿಂದ. ಬೆಟ್ಟ ಹತ್ತುವಾಗ ಮೈ ಮುಂದೆ ಬಾಗಿರಬೇಕು, ಇಲ್ಲದಿದ್ದರೆ ಮುಂದಿನ ಚಕ್ರ ನೆಲ ಬಿಡುತ್ತೆ. ಅವರಿಗೆ ಅದು ಸರಿ. ನನ್ನ ದಾರಿ ಕುವೆಂಪುನಗರ, ಸರಸ್ವತಿಪುರಂ, ಬೋಗಾದಿ ರಸ್ತೆ. ನನಗೆ ಬೇಕಿರುವುದು ತಲೆ ಎತ್ತಿ ದಾರಿ ನೋಡುತ್ತಾ ಹೋಗುವ ಸೈಕಲ್ಲು.

ಖರ್ಚು ಮಾಡುವ ಮೊದಲು ಒಂದು ಪರೀಕ್ಷೆ ಮಾಡಿದೆ. ಹಳೇ ಸೈಕಲ್ ಸರಿ ಮಾಡಿಸಬೇಕು ಅನ್ನುವವರು ಇದನ್ನು ಮಾತ್ರ ಬಿಡಬೇಡಿ. ಚಪ್ಪಲಿ ಹಾಕಿಕೊಂಡು ಸೀಟಿನ ಮುಂದೆ, ಫ್ರೇಮಿನ ಮೇಲಿನ ಕೊಳವೆಯ ಎರಡೂ ಪಕ್ಕ ಕಾಲು ಹಾಕಿ ನೆಲದ ಮೇಲೆ ನಿಂತೆ. ಕೊಳವೆಗೂ ನನಗೂ ಮಧ್ಯೆ ಎರಡು ಬೆರಳು ಜಾಗ ಉಳಿಯಿತು. ಮಗನೂ ತುಂಬ ಎತ್ತರದವನಲ್ಲ, ಫ್ರೇಮು 17 ಇಂಚಿನದು, ಮೇಲಿನ ಕೊಳವೆ ಹಿಂದಕ್ಕೆ ಇಳಿಜಾರಾಗಿದೆ. ಹಾಗಾಗಿ ಐದಡಿ ಎರಡಿಂಚಿನ ನನಗೂ ಆಯಿತು. ಆ ಜಾಗ ಇಲ್ಲದಿದ್ದರೆ ನಾನು ಆಸೆ ಬಿಡುತ್ತಿದ್ದೆ. ಸೀಟು ಇಳಿಸಬಹುದು, ಹ್ಯಾಂಡಲ್ ಏರಿಸಬಹುದು. ಫ್ರೇಮು ದೊಡ್ಡದಾದರೆ ಅದಕ್ಕೆ ಮದ್ದಿಲ್ಲ.

ನಮ್ಮ ಬಡಾವಣೆಯ ತಿರುವಿನಲ್ಲಿ ಒಂದು ಸಣ್ಣ ಸೈಕಲ್ ಅಂಗಡಿ ಇದೆ. ಯಜಮಾನರಿಗೆ ಅರವತ್ತು ದಾಟಿದೆ. ಮಗ ಇದ್ದಾಗ ಇದೇ ಸೈಕಲ್ಲಿಗೆ ಪಂಚರ್ ಹಾಕಿದವರು ಅವರೇ. ಸೈಕಲ್ ತಳ್ಳಿಕೊಂಡು ಹೋದಾಗ ಗುರುತು ಹಿಡಿದರು. "ಇದು ನಿಮ್ಮ ಹುಡುಗನದಲ್ವಾ ಮೇಡಂ? ಗುಜರಿಗೆ ಹಾಕಿರ್ತೀರಿ ಅಂದ್ಕೊಂಡಿದ್ದೆ" ಅಂದರು. "ಇಲ್ಲಾ ಅಣ್ಣಾ, ನಾನೇ ಓಡಿಸ್ಬೇಕು, ಆದರೆ ನೋವಾಗಬಾರ್ದು" ಅಂದೆ. ಅವರು ಸೈಕಲ್ಲನ್ನು ಒಂದು ಸುತ್ತು ನೋಡಿ ಮೊದಲು ಟೈರನ್ನೇ ಹೆಬ್ಬೆರಳಲ್ಲಿ ಒತ್ತಿದರು.

ಟೈರು ಬಿರುಕು ಬಿಟ್ಟಿತ್ತು. ಮೊದಲ ಸಲ ಹೊರಗೆ ತೆಗೆದಾಗ ರಸ್ತೆಬದಿಯ ಪಂಚರ್ ಅಂಗಡಿಯಲ್ಲಿ ಕಂಪ್ರೆಸರ್‌ನಿಂದ ಗಾಳಿ ತುಂಬಿಸಿದ್ದೆ. ಕಲ್ಲಿನ ಹಾಗೆ ಗಟ್ಟಿ ಮಾಡಿ ಕೊಟ್ಟಿದ್ದರು. ಗಟ್ಟಿ ಇದ್ದಷ್ಟೂ ಒಳ್ಳೇದು ಅಂತ ನಾನೂ ತಿಳಿದಿದ್ದೆ. ಟೈರಿನ ಪಕ್ಕದಲ್ಲಿ ಎಷ್ಟು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ಅಂತ ಬರೆದಿರುತ್ತೆ. ಎಷ್ಟೋ ಟೈರಿನಲ್ಲಿ ಕಡಿಮೆ ಎಷ್ಟು, ಜಾಸ್ತಿ ಎಷ್ಟು ಅಂತ ಎರಡು ಅಂಕಿ. ಜಾಸ್ತಿ ಅನ್ನುವುದು ಮಿತಿ ಮಾತ್ರ. ಅಷ್ಟೇ ಹಾಕಬೇಕು ಅಂತ ಅರ್ಥ ಅಲ್ಲ. ಗಾಳಿ ತುಂಬಿದ ಟೈರನ್ನು ಜಾನ್ ಬಾಯ್ಡ್ ಡನ್‌ಲಪ್ ಬೆಲ್‌ಫಾಸ್ಟ್‌ನಲ್ಲಿ ಮಾಡಿದ್ದೇ ತನ್ನ ಮಗನ ಮೂರು ಚಕ್ರದ ಸೈಕಲ್ಲು ಕುಲುಕಬಾರದು ಅಂತ. 1888ರಲ್ಲಿ ಅದಕ್ಕೆ ಪೇಟೆಂಟ್ ತೆಗೆದುಕೊಂಡ. ಅವನು ದನಕರುಗಳ ಡಾಕ್ಟರು. ಮಗುವಿನ ಮೈ ಕುಲುಕಬಾರದು ಅಂತ ಹಾಕಿದ ಗಾಳಿಯನ್ನು ನಾವು ಕಲ್ಲು ಮಾಡಿ ತುಂಬಿಸಿಕೊಂಡು ಬರುತ್ತೇವೆ. ಇದನ್ನು ಓದಿದ ದಿನ ನಾನು ತುಂಬ ಹೊತ್ತು ಅದನ್ನೇ ಯೋಚಿಸಿದೆ.

ಹಲ್ಲಿನ ಟೈರು ಬೇಡ, ಮಧ್ಯೆ ನುಣುಪಾಗಿ ಪಕ್ಕದಲ್ಲಿ ಮಾತ್ರ ಗೆರೆ ಇರುವ ಟೈರು ಹಾಕೋಣ ಅಂದರು ಯಜಮಾನರು. ಡಾಂಬರು ರಸ್ತೆ ಮೇಲೆ ಹಲ್ಲಿನ ಟೈರು ಗುಂಯ್ ಅನ್ನುತ್ತೆ, ಕೈಗೆ ನಡುಕ ಕೊಡುತ್ತೆ, ಕಾಲಿಗೆ ಭಾರ. ತೆಳ್ಳಗಿನ ಟೈರೂ ಬೇಡ ಅಂತ ನಾನು ಹೇಳಿದೆ. ದಪ್ಪ ಇದ್ದರೆ ಕಡಿಮೆ ಗಾಳಿಯಲ್ಲಿ ಓಡಿಸಬಹುದು. 26 × 1.95 ಸಿಕ್ಕಿತು. ಇಲ್ಲಿ ಒಂದು ಎಚ್ಚರ. ಸಾಮಾನ್ಯ ಸೈಕಲ್ಲಿಗೆ ಹಾಕುವ 26 × 1⅜ ಟೈರೂ ಇಪ್ಪತ್ತಾರೇ, ಆದರೆ ಅದರ ರಿಮ್ಮು ಬೇರೆ. ಟೈರಿನ ಮೇಲೆ ಸಣ್ಣದಾಗಿ 50-559 ಅಂತ ಇನ್ನೊಂದು ಅಂಕಿ ಇರುತ್ತೆ. 50 ಟೈರಿನ ಅಗಲ, 559 ರಿಮ್ಮಿನ ಅಳತೆ, ಎರಡೂ ಮಿಲಿಮೀಟರಿನಲ್ಲಿ. ಆ ಇನ್ನೊಂದರದು 590. ನಾನು ಮೊದಲು ಹೋದ ಅಂಗಡಿಯಲ್ಲಿ 26 ಅಂತ ಕೇಳಿ ತಂದದ್ದು ಅದನ್ನೇ. ವಾಪಸ್ ಕೊಟ್ಟು ಬಂದೆ.

ಮೀಟರ್ ಇರುವ ಒಂದು ಕೈಪಂಪು ಮನೆಗೇ ತಂದುಕೊಂಡೆ. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಉಪಯೋಗ ಆದದ್ದು ಅದೇ. 60ಕ್ಕೆ ಶುರು ಮಾಡಿ ದಿನಕ್ಕೆ ನಾಲ್ಕು ನಾಲ್ಕು ಕಡಿಮೆ ಮಾಡುತ್ತಾ ಅದೇ ರಸ್ತೆಯಲ್ಲಿ, ಅದೇ ಹಂಪ್ ಮೇಲೆ ಓಡಿಸಿದೆ. 63 ಕೆ.ಜಿ.ಯ ನನಗೆ ಹಿಂದೆ 42, ಮುಂದೆ 36 ಹಿತವಾಗಿದೆ. ಅದಕ್ಕಿಂತ ಇಳಿಸಿದರೆ ತಿರುವಿನಲ್ಲಿ ಟೈರು ವಾಲಿದ ಹಾಗೆ ಅನ್ನಿಸುತ್ತೆ, ಹಳ್ಳಕ್ಕೆ ಬಿದ್ದರೆ ರಿಮ್ಮು ಟ್ಯೂಬನ್ನು ಕಚ್ಚುವ ಭಯ. ಭಾರ ಹೆಚ್ಚಿರುವವರು ಸ್ವಲ್ಪ ಜಾಸ್ತಿ ಹಾಕಬೇಕು. ಇಷ್ಟರಿಂದಲೇ ಅರ್ಧ ಕುಲುಕಾಟ ಹೋಯಿತು ಅಂದರೆ ನಂಬಿ.

ಆಮೇಲೆ ಸೀಟಿನ ಸರದಿ. ಸೀಟಿನ ಕಂಬ ಫ್ರೇಮಿನೊಳಗೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಯಜಮಾನರು ಸುತ್ತ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೇ ಇಟ್ಟರು. ಬೆಳಿಗ್ಗೆ ಹಳೇ ಸೀಟನ್ನೇ ಹಿಡಿಯಾಗಿ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿದರು. ಕಿರ್ ಅಂತು, ಒಂದು ಕೂದಲೆಳೆ ಅಲುಗಿತು. ಮತ್ತೆ ಎಣ್ಣೆ, ಮತ್ತೆ ತಿರುವು. ಹದಿನೈದು ನಿಮಿಷ ಆದ ಮೇಲೆ ಕಂಬ ಕೆಂಪು ಪುಡಿ ಉದುರಿಸಿಕೊಂಡು ಆಚೆ ಬಂತು. ಕಂಬದ ಮೇಲೆ ಒಂದು ಉಂಗುರದ ಹಾಗೆ ಗುರುತು ಬಿದ್ದಿತ್ತು. ಮಗ ಇಟ್ಟುಕೊಂಡಿದ್ದ ಎತ್ತರ. ಕೆಳಗೆ ಮೆಟಲ್ಲು ಹೊಳೆಯುತ್ತಿತ್ತು, ಮೇಲೆ ಮಬ್ಬಾಗಿತ್ತು. ಯಜಮಾನರು ಎಮರಿ ಪೇಪರ್ ತಗೊಂಡು ಅದನ್ನು ಉಜ್ಜಲು ಹೊರಟರು. ಗುರುತು ಇರಲಿ ಅಣ್ಣಾ, ಒಳಗೆ ಹೋಗುವ ಕೆಳಭಾಗ ಮಾತ್ರ ಉಜ್ಜಿ ಅಂದೆ. ಅವರು ನನ್ನ ಮುಖ ನೋಡಿ ಹಾಗೇ ಮಾಡಿದರು. ಗ್ರೀಸು ಸವರಿ ಕಂಬ ಇಳಿಸಿದರು. ವರ್ಷಕ್ಕೊಮ್ಮೆ ಹೀಗೆ ತೆಗೆದು ಗ್ರೀಸು ಹಾಕಿದರೆ ಯಾವತ್ತೂ ಕಚ್ಚಲ್ಲ ಅಂದರು.

ಮೆತ್ತನೆ ಸೀಟು ಯಾಕೆ ಮೋಸ ಮಾಡಿತು ಅನ್ನುವುದೂ ಆಗ ಅರ್ಥವಾಗಿತ್ತು. ಕೂತಾಗ ಭಾರ ಹೊರಬೇಕಾದದ್ದು ಕೆಳಗಿನ ಎರಡು ಮೂಳೆ. ಗಟ್ಟಿ ಹಲಗೆ ಮೇಲೆ ಕೂತು ಅಲುಗಾಡಿದರೆ ಅವು ಚುಚ್ಚುವುದು ಗೊತ್ತಾಗುತ್ತೆ. ಮೆತ್ತೆ ಜಾಸ್ತಿ ಇದ್ದರೆ ಆ ಮೂಳೆಗಳು ಒಳಗೆ ಹೂತುಹೋಗುತ್ತವೆ. ಆಗ ನಡುವಿನ ಮೆತ್ತೆ ಉಬ್ಬಿ ಮೇಲೆ ಬಂದು, ಒತ್ತಡ ತಡೆಯಲಾರದ ಮೃದು ಭಾಗವನ್ನು ಒತ್ತುತ್ತೆ. ಹೆಂಗಸರು ಇದನ್ನು ಅಂಗಡಿಯಲ್ಲಿ ಬಾಯಿಬಿಟ್ಟು ಹೇಳಲು ಹಿಂಜರಿಯುತ್ತೇವೆ. ಹೇಳದೆ ಸಹಿಸಿಕೊಂಡು, ಕೊನೆಗೆ ಸೈಕಲ್ಲೇ ಬಿಡುತ್ತೇವೆ. ಅದಕ್ಕೇ ಇಲ್ಲಿ ಬಿಡಿಸಿ ಬರೆದಿದ್ದೇನೆ.

ಆ ಮೂಳೆಗಳ ನಡುವಿನ ಅಳತೆ ಮನೆಯಲ್ಲೇ ತೆಗೆಯಬಹುದು. ಫ್ರಿಜ್ ಬಂದಿದ್ದ ರಟ್ಟಿನ ಪೆಟ್ಟಿಗೆಯ ಒಂದು ತುಂಡು ಕತ್ತರಿಸಿ ಗಟ್ಟಿ ಮೆಟ್ಟಿಲ ಮೇಲೆ ಹಾಕಿ ಕೂತೆ. ಸೈಕಲ್ಲಿನ ಮೇಲೆ ಕೂರುವಷ್ಟೇ ಮುಂದೆ ಬಾಗಿ, ಮಂಡಿ ಸ್ವಲ್ಪ ಮೇಲೆ ಬರುವ ಹಾಗೆ ಕಾಲಿಟ್ಟು, ಒಂದು ನಿಮಿಷ. ಎದ್ದು ಬೆಳಕಿಗೆ ಹಿಡಿದರೆ ರಟ್ಟಿನ ಮೇಲೆ ಎರಡು ಸಣ್ಣ ಗುಳಿ ಬಿದ್ದಿದ್ದವು. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 13 ಸೆಂಟಿಮೀಟರ್. ಅದಕ್ಕೆ ಎರಡು ಎರಡೂವರೆ ಸೇರಿಸಿದರೆ ಸೀಟಿನ ಹಿಂಭಾಗದ ಅಗಲ. ನೆಟ್ಟಗೆ ಕೂರುವವರಿಗೆ ಸ್ವಲ್ಪ ಜಾಸ್ತಿಯೇ ಇರಲಿ ಅಂತಾರೆ. 15.5 ಸೆಂಟಿಮೀಟರಿನ, ನಡುವೆ ಕಾಲುವೆ ಇರುವ, ಒತ್ತಿದರೆ ಹೆಬ್ಬೆರಳು ಸ್ವಲ್ಪವೇ ಇಳಿಯುವ ಸೀಟು ತಂದೆ. ನೋಡಿದರೆ ಬಡಪಾಯಿ ಸೀಟು. ಮೊದಲ ವಾರ ಮೂಳೆಯ ಜಾಗದಲ್ಲಿ ಸ್ವಲ್ಪ ನೋವಿತ್ತು. ಎರಡನೇ ವಾರ ಸೀಟು ಇದೆ ಅನ್ನುವುದೇ ಮರೆತುಹೋಯಿತು.

ಎತ್ತರಕ್ಕೆ ಒಂದು ಲೆಕ್ಕ ಇದೆ. ಬರಿಗಾಲಲ್ಲಿ ಗೋಡೆಗೆ ಆನಿಸಿ ನಿಂತು, ತೊಡೆಸಂದಿಗೆ ಒಂದು ದಪ್ಪ ಪುಸ್ತಕ ಒತ್ತಿ ಹಿಡಿದು ನೆಲದಿಂದ ಅಳೆಯಬೇಕು. ನನ್ನದು 74 ಸೆಂಟಿಮೀಟರ್. ಅದನ್ನು 0.883ರಿಂದ ಗುಣಿಸಿದರೆ 65.3. ಎರಡೂ ಪೆಡಲ್ಲಿನ ತೋಳುಗಳು ಸೇರುವ ನಡು ಅಚ್ಚಿನಿಂದ ಸೀಟಿನ ಮೇಲ್ಭಾಗದವರೆಗೆ ಅಷ್ಟಿರಬೇಕು ಅನ್ನುತ್ತೆ ಆ ಲೆಕ್ಕ. ಲೆಕ್ಕ ಬೇಡ ಅನ್ನುವವರಿಗೆ ಇನ್ನೊಂದು ಉಪಾಯ. ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಲ್ಲಿ ತುಳಿದರೆ ಮಂಡಿಯಲ್ಲಿ ತಾನಾಗಿಯೇ ಸಣ್ಣ ಬಾಗು ಉಳಿಯುತ್ತೆ. ಮಗ ಇಟ್ಟಿದ್ದು 70. ಕಂಬ ಬಿಟ್ಟುಕೊಂಡ ಮೇಲೆ ನಾನು ಹೆದರಿಕೊಂಡು 61ಕ್ಕೆ ಇಳಿಸಿದ್ದೆ, ಎರಡೂ ಕಾಲು ನೆಲಕ್ಕೆ ಸಿಗಲಿ ಅಂತ. ತುಳಿಯುವಾಗ ಮಂಡಿ ನೋಯುತ್ತಿದ್ದುದಕ್ಕೆ ಅದೇ ಕಾರಣ. ಸೀಟು ತಗ್ಗಿದ್ದರೆ ಪ್ರತಿ ತುಳಿತಕ್ಕೂ ಮಂಡಿ ಜಾಸ್ತಿ ಮಡಚಿಕೊಂಡೇ ಒತ್ತಬೇಕಾಗುತ್ತೆ. ವಾರಕ್ಕೆ ಅರ್ಧ ಸೆಂಟಿಮೀಟರಿನಂತೆ ಏರಿಸುತ್ತಾ ಹೋದೆ. 64ಕ್ಕೆ ಬಂದು ನಿಂತಿದ್ದೇನೆ. ಈಗ ಕೂತಲ್ಲಿಂದ ನೆಲಕ್ಕೆ ಕಾಲು ಸಿಗಲ್ಲ. ಸಿಗ್ನಲ್ಲಿನಲ್ಲಿ ಸೀಟಿನಿಂದ ಮುಂದಕ್ಕೆ ಇಳಿದು ನಿಲ್ಲುವುದನ್ನು ಕಲಿತೆ. ಮನೆ ಮುಂದಿನ ಖಾಲಿ ರಸ್ತೆಯಲ್ಲಿ ಎರಡು ಬೆಳಿಗ್ಗೆ ಅದನ್ನೇ ಅಭ್ಯಾಸ ಮಾಡಿದೆ. ಕೊನೆಗೆ ಕಂಬದ ಮೇಲೆ ನನ್ನ ಎತ್ತರದ ಜಾಗಕ್ಕೆ ಕೆಂಪು ನೈಲ್ ಪಾಲಿಶಿನಲ್ಲಿ ಒಂದು ಗೆರೆ ಎಳೆದೆ.

ಇನ್ನು ಹ್ಯಾಂಡಲ್ಲು. ಯಜಮಾನರು ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಮೇಲೆ ಎರಡೂ ಕೈಯಿಂದ ಭಾರ ಹಾಕಿದರು. ಶಾಕ್ ಅಲುಗಲೇ ಇಲ್ಲ. ಒಳಗೆ ತುಕ್ಕು ಹಿಡಿದು ಕೂತುಬಿಟ್ಟಿತ್ತು. "ಇದು ಈಗ ಶಾಕ್ ಅಲ್ಲ ಮೇಡಂ, ಎರಡೂವರೆ ಕೆ.ಜಿ. ಕಬ್ಬಿಣ" ಅಂದರು. ಹೊಸ ಶಾಕ್ ಹಾಕಿಸಿದರೆ ಎರಡು ಮಳೆಗಾಲಕ್ಕೆ ಮತ್ತೆ ಇದೇ ಗತಿ ಅನ್ನುವುದು ಅವರ ಮಾತು. ಒಳ್ಳೇ ಶಾಕಿನ ಬೆಲೆ ಈ ಸೈಕಲ್ಲಿಗಿಂತ ಜಾಸ್ತಿ. ಗಟ್ಟಿ ಸ್ಟೀಲ್ ಫೋರ್ಕ್ ಹಾಕೋಣ, ಶಾಕಿನ ಕೆಲಸ ಟೈರಿನ ಗಾಳಿ ಮಾಡುತ್ತೆ ಅಂದರು. ನನಗೂ ಸರಿ ಅನ್ನಿಸಿತು. ಆದರೆ ಫೋರ್ಕಿನ ಉದ್ದ ನೋಡಬೇಕು. ಶಾಕ್ ಇದ್ದ ಸೈಕಲ್ಲಿಗೆ ಗಿಡ್ಡ ಫೋರ್ಕ್ ಹಾಕಿದರೆ ಮುಂಭಾಗ ತಗ್ಗುತ್ತೆ, ಹ್ಯಾಂಡಲ್ಲು ಅಲ್ಲಾಡುವ ಹಾಗೆ ಚುರುಕಾಗಿಬಿಡುತ್ತೆ. ಚಕ್ರದ ಅಚ್ಚಿನಿಂದ ಫೋರ್ಕಿನ ಭುಜದವರೆಗೆ ಹಳೆಯದು 43 ಸೆಂಟಿಮೀಟರ್. ಹುಡುಕಿ ತಂದ ಹೊಸದು 41. ಎರಡು ಸೆಂಟಿಮೀಟರ್ ನಡೆಯುತ್ತೆ ಅಂದರು. ರಿಮ್ ಬ್ರೇಕಿನ ಗೂಟಗಳು ಅದರಲ್ಲಿ ಇವೆಯಾ ಅಂತಲೂ ನೋಡಿಕೊಂಡು ತಂದಿದ್ದರು.

ಆಗ ನಡೆದದ್ದನ್ನು ಹೇಳಲೇಬೇಕು. ಹೊಸ ಫೋರ್ಕಿನ ಮೇಲಿನ ಕೊಳವೆ ಉದ್ದವಾಗಿ ಬರುತ್ತೆ. ಸೈಕಲ್ಲಿಗೆ ತಕ್ಕ ಹಾಗೆ ಕತ್ತರಿಸಿ ಹಾಕುವುದು ರೂಢಿ. ಯಜಮಾನರು ಹಳೇ ಫೋರ್ಕನ್ನು ಪಕ್ಕದಲ್ಲಿಟ್ಟು, ಅದರ ಅಳತೆಗೆ ಸೀಮೆಸುಣ್ಣದ ಗುರುತು ಹಾಕಿ, ಕೊಳವೆಯನ್ನು ವೈಸಿಗೆ ಬಿಗಿದು ಹ್ಯಾಕ್ಸಾ ಕೈಗೆ ತಗೊಂಡಿದ್ದರು. "ಅಣ್ಣಾ, ಕೊಯ್ಯಬೇಡಿ!" ಅಂತ ಕೂಗಿಬಿಟ್ಟೆ. ಪಕ್ಕದಲ್ಲಿ ಟೀ ಕುಡಿಯುತ್ತಿದ್ದವರು ತಿರುಗಿ ನೋಡಿದರು. ಕೊಯ್ಯದೆ ಬಿಟ್ಟರೆ ಆ ಉಳಿದ ಕೊಳವೆಯೇ ನನ್ನ ಎತ್ತರ ಅಲ್ವಾ? ಕೊಳವೆಗೆ ಬಳೆಯಂಥ ಸ್ಪೇಸರ್‌ಗಳನ್ನು ಪೇರಿಸಿ, ಅದರ ಮೇಲೆ ಹ್ಯಾಂಡಲ್ ಹಿಡಿಯುವ ಸ್ಟೆಮ್ ಕೂರಿಸಿದರೆ ಆಯಿತು. ಯಜಮಾನರು ಹ್ಯಾಕ್ಸಾ ಕೆಳಗಿಟ್ಟು ತಲೆ ಕೆರೆದುಕೊಂಡರು. "ಹುಡುಗರೆಲ್ಲಾ ಬಂದು ತಗ್ಗಿಸಿ ತಗ್ಗಿಸಿ ಅಂತಾರೆ ಮೇಡಂ, ಏರಿಸಿ ಅಂದೋರು ನೀವೇ" ಅಂದರು. ಸ್ಟೀಲ್ ಕೊಳವೆ, ತಡೆಯುತ್ತೆ ಅಂತ ಒಪ್ಪಿದರು. ಒಂದೊಂದು ಸೆಂಟಿಮೀಟರಿನ ಐದು ಬಳೆ ಹಾಕಿದರು. ಒಮ್ಮೆ ಕೊಯ್ದ ಕೊಳವೆ ಮತ್ತೆ ಬೆಳೆಯಲ್ಲ. ಹಳೇ ಎಂಟಿಬಿಗೆ ಫೋರ್ಕ್ ಬದಲಿಸುವವರು ಅಂಗಡಿಗೆ ಹೋದ ಕೂಡಲೇ ಈ ಮಾತು ಹೇಳಿಬಿಡಿ.

ಸ್ಟೆಮ್ಮನ್ನೂ ಬದಲಾಯಿಸಿದೆವು. ಹಳೆಯದು 11 ಸೆಂಟಿಮೀಟರ್ ಮುಂದಕ್ಕೆ ಚಾಚಿತ್ತು. ಹೊಸದು 6, ಮೇಲಕ್ಕೆ ಓರೆಯಾಗಿದೆ. ನೆಟ್ಟಗಿದ್ದ ಹ್ಯಾಂಡಲ್ ಬದಲು ತುದಿಗಳು ಮೈಯ ಕಡೆ ಬಾಗಿದ ಹ್ಯಾಂಡಲ್ಲು. ಎಲ್ಲ ಕೂಡಿ ಹಿಡಿ ಈಗ ಸೀಟಿಗಿಂತ ನಾಲ್ಕು ಸೆಂಟಿಮೀಟರ್ ಮೇಲೆ. ಸ್ಟೆಮ್ ಬಿಗಿಯುವುದಕ್ಕೂ ಒಂದು ಕ್ರಮ ಇದೆ. ಮೊದಲು ನೆತ್ತಿಯ ಬೋಲ್ಟು, ಬೇರಿಂಗ್ ಆಡುವುದು ನಿಲ್ಲುವಷ್ಟು ಮಾತ್ರ. ಆಮೇಲೆ ಪಕ್ಕದ ಎರಡು ಬೋಲ್ಟು. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ತಳ್ಳಿದಾಗ ಕಟಕಟ ಅಂದರೆ ಸಡಿಲ ಇದೆ ಅಂತ. ಚಕ್ರ ಎತ್ತಿ ಹಿಡಿದಾಗ ಹ್ಯಾಂಡಲ್ಲು ತಾನಾಗಿ ಪಕ್ಕಕ್ಕೆ ತಿರುಗದಿದ್ದರೆ ಬಿಗಿ ಜಾಸ್ತಿಯಾಗಿದೆ ಅಂತ. ಅವರು ಮೂರು ಸಲ ಬಿಚ್ಚಿ ಹಾಕಿದರು.

ಹ್ಯಾಂಡಲ್ ಏರಿಸಿದ ಮೇಲೆ ಅಂಗಡಿ ಮುಂದೆಯೇ ತಿರುಗಿಸಿ ನೋಡಿದೆ. ಎಡಕ್ಕೆ ಪೂರ್ತಿ ತಿರುಗಿಸಿದರೆ ಹಿಂದಿನ ಚಕ್ರಕ್ಕೆ ತಾನೇ ಬ್ರೇಕ್ ಬೀಳುತ್ತಿತ್ತು! ಕೇಬಲ್ ಗಿಡ್ಡವಾಗಿ ಎಳೆದುಕೊಂಡಿತ್ತು. ನಾನು ನೋಡದೇ ಹೋಗಿದ್ದರೆ ಯಾವುದಾದರೂ ತಿರುವಿನಲ್ಲಿ ಬೀಳುತ್ತಿದ್ದೆ. ಎರಡು ಬ್ರೇಕು, ಎರಡು ಗೇರು, ನಾಲ್ಕೂ ಕೇಬಲ್ಲು ಹೊರಕವಚ ಸಮೇತ ಉದ್ದದ್ದು ಹಾಕಿಸಿದೆ. ಬ್ರೇಕ್ ಹಿಡಿಯನ್ನು ಮುಂದಕ್ಕೆ ತಗ್ಗಿಸಿ, ತೋಳಿನಿಂದ ಬೆರಳಿನ ತನಕ ಒಂದೇ ಗೆರೆಯಾಗುವ ಹಾಗೆ ತಿರುಗಿಸಿಕೊಂಡೆ. ಮಣಿಕಟ್ಟು ಮೇಲಕ್ಕೂ ಮಡಚಬಾರದು, ಕೆಳಕ್ಕೂ ಮಡಚಬಾರದು. ಹಿಡಿಯ ಬುಡದಲ್ಲಿ ಒಂದು ಚಿಕ್ಕ ಸ್ಕ್ರೂ ಇದೆ. ಅದನ್ನು ತಿರುಗಿಸಿದರೆ ಬ್ರೇಕ್ ಬೆರಳಿಗೆ ಹತ್ತಿರ ಬರುತ್ತೆ. ನನ್ನ ಬೆರಳು ಗಿಡ್ಡ. ಇಷ್ಟು ವರ್ಷ ಆ ಸ್ಕ್ರೂ ಯಾಕಿದೆ ಅಂತ ಮಗನಿಗೂ ಗೊತ್ತಿರಲಿಲ್ಲ. ಅಂಗೈ ಪೂರ್ತಿ ಕೂರುವ, ಹೊರ ಅಂಚಿನಲ್ಲಿ ರೆಕ್ಕೆಯ ಹಾಗೆ ಅಗಲ ಇರುವ ಗ್ರಿಪ್ ಹಾಕಿಸಿದೆ. ಭಾರ ಒಂದೇ ಬಿಂದುವಿಗೆ ಬೀಳದೆ ಹರಡಿಕೊಳ್ಳುತ್ತೆ. ಬೆರಳಿನ ಜೋಮು ಹೋಗಿದ್ದು ಗ್ರಿಪ್ಪಿನಿಂದಲೋ, ಹ್ಯಾಂಡಲ್ಲು ಏರಿದ್ದರಿಂದಲೋ ಅಂದರೆ, ಮುಕ್ಕಾಲು ಪಾಲು ಹ್ಯಾಂಡಲ್ಲಿನಿಂದಲೇ ಅನ್ನುತ್ತೇನೆ.

ಉಳಿದದ್ದು ಸಣ್ಣಪುಟ್ಟದ್ದು. ಚಕ್ರದ ಬೇರಿಂಗ್ ಬಿಚ್ಚಿ ಗ್ರೀಸು, ಹೊಸ ಚೈನು, ಕಡ್ಡಿ ಬಿಗಿಸಿ ಬೆಂಡ್ ತೆಗೆಸಿದ್ದು, ಮಡ್‌ಗಾರ್ಡು, ಬೆಲ್ಲು. ಚೂಡಿದಾರದ ಪ್ಯಾಂಟು ಚೈನಿಗೆ ಸಿಗದ ಹಾಗೆ ಮುಂದಿನ ಹಲ್ಲುಚಕ್ರಕ್ಕೆ ಪ್ಲಾಸ್ಟಿಕ್ ತಟ್ಟೆ. ದುಪಟ್ಟಾ ಸೊಂಟಕ್ಕೆ ಕಟ್ಟಿಕೊಳ್ಳುತ್ತೇನೆ. ಕೈಪಂಪು ಸೇರಿಸಿ ಎಲ್ಲ ಕೂಡಿ ಏಳು ಸಾವಿರಕ್ಕೆ ಸ್ವಲ್ಪ ಕಡಿಮೆ ಆಯಿತು. ವ್ಯರ್ಥ ಆದದ್ದು ಆ ಜೆಲ್ ಕವರು, ಸ್ಪ್ರಿಂಗ್ ಸೀಟು, ಎರಡೇ.

ಗೇರಿನ ಬಗ್ಗೆ ಒಂದು ಮಾತು. ಮಂಡಿಗೆ ಸೀಟಿನಷ್ಟೇ ಮುಖ್ಯ ಇದು. ಈ ಸೈಕಲ್ಲಿನಲ್ಲಿ ಮುಂದೆ 42, ಹಿಂದೆ 14 ಹಲ್ಲಿನ ಗೇರಿಗೆ ಹಾಕಿದರೆ ಪೆಡಲ್ ಒಂದು ಸುತ್ತಿಗೆ ಸುಮಾರು ಆರು ಮೀಟರ್ ಹೋಗುತ್ತೆ. ಮುಂದೆ 24, ಹಿಂದೆ 28ಕ್ಕೆ ಹಾಕಿದರೆ ಎರಡು ಮೀಟರಿಗೂ ಕಡಿಮೆ. ಮಗ ಯಾವಾಗಲೂ ದೊಡ್ಡದರಲ್ಲೇ ತುಳಿಯುತ್ತಿದ್ದ. ನಾನು ನಡುವಿನದರಲ್ಲಿ ಇರುತ್ತೇನೆ, ಏರು ಕಂಡ ಕೂಡಲೇ, ಕಾಲಿಗೆ ಭಾರ ಬೀಳುವ ಮೊದಲೇ, ಇಳಿಸಿಬಿಡುತ್ತೇನೆ. ಕಾಲು ಹಗುರಾಗಿ, ಬೇಗ ಬೇಗ ತಿರುಗಬೇಕು. ಒತ್ತಿ ಒತ್ತಿ ತುಳಿದರೆ ಆ ಒತ್ತಡವೆಲ್ಲ ಮಂಡಿಗೆ.

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಟು ಕೆ.ಆರ್.ಎಸ್. ರಸ್ತೆ ಹಿಡಿದು, ಬೆಳಗೊಳ ದಾಟಿ ರಂಗನತಿಟ್ಟಿಗೆ ಹೋದೆ. ಮಂಜು ಇತ್ತು. ಬೆಳಗೊಳದ ಆಚೆ ಗದ್ದೆ ಬದಿಯಲ್ಲಿ ಒಂದು ಕಡೆ ನಿಲ್ಲಿಸಿ ಮುಂದಿನ ಟೈರಿನಿಂದ ಸ್ವಲ್ಪ ಗಾಳಿ ಬಿಟ್ಟೆ, ರಸ್ತೆ ಅಲ್ಲಿ ಕಿತ್ತುಹೋಗಿತ್ತು. ದೋಣಿಯಲ್ಲಿ ಕೂತು ಬಣ್ಣದ ಕೊಕ್ಕರೆಗಳು ಕಡ್ಡಿ ಕಚ್ಚಿಕೊಂಡು ಬರುವುದನ್ನು ನೋಡಿದೆ. ಬರುವಾಗ ಬಿಸಿಲೇರಿತ್ತು. ಹೋಗಿ ಬರುವುದು ಸೇರಿ ನಲವತ್ತು ಕಿಲೋಮೀಟರ್ ಹತ್ತಿರ. ತೊಡೆ ದಣಿದಿತ್ತು, ಅದು ಒಳ್ಳೇ ದಣಿವು. ಗೇಟಿನ ಮುಂದೆ ಇಳಿದು ಬಲಗೈಯಲ್ಲೇ ಬೀಗ ತೆಗೆದೆ. ಮರದ ಕುರ್ಚಿಯಲ್ಲಿ ಕೂತು ಕಾಫಿ ಕುಡಿದೆ.

ಯುಗಾದಿಗೆ ಮಗ ಬಂದಿದ್ದ. ಸೈಕಲ್ಲನ್ನು ಸುತ್ತಿ ಸುತ್ತಿ ನೋಡಿದ. "ಅಮ್ಮಾ, ಹಾಲು ತರ್ತೀನಿ, ಇದರಲ್ಲೇ ಹೋಗ್ತೀನಿ" ಅಂದ. ಲಿವರ್ ಸಡಿಲಿಸಿ ಸೀಟು ಎತ್ತಿದ. ಫ್ರೇಮಿನ ಒಳಗೆ ಇಳಿದುಹೋಗಿದ್ದ ಅವನ ಹಳೇ ಉಂಗುರದ ಗುರುತು ಮೇಲೆ ಬಂತು. ಸರಿಯಾಗಿ ಅಲ್ಲಿಗೇ ನಿಲ್ಲಿಸಿ ಬಿಗಿದುಕೊಂಡು ಹೋದ. ವಾಪಸ್ ಬಂದವನು ಹಾಲಿನ ಪ್ಯಾಕೆಟ್ ಕಟ್ಟೆಯ ಮೇಲಿಟ್ಟು, ಬಗ್ಗಿ ನೋಡುತ್ತಾ, ಸೀಟನ್ನು ಕೆಂಪು ಗೆರೆಯ ತನಕ ಇಳಿಸಿ ಒಳಗೆ ಬಂದ.